ಚಿಲ್ಲರೆ ಎಲ್ಲಿ ಹೋಯ್ತು?

ಭಾನುವಾರ ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಕಂಡದ್ದು ಇನ್ನೂ ತಲೆಯಲ್ಲೇ ಸುತ್ತುತ್ತಿದೆ.

ಅಲ್ಲಿರುವುದು ಮೈಸೂರು ಕಿರ್ಲೋಸ್ಕರ್ ಲೇತು. 1941ರಲ್ಲಿ ಹರಿಹರದಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಲೇತು ಇನ್ನೂ ದುಡಿಯುತ್ತಿದೆ. ಥ್ರೆಡ್ ಹಾಕಬೇಕಾದರೆ ಸ್ಪಿಂಡಲ್ಲಿಗೂ ಲೀಡ್ ಸ್ಕ್ರೂಗೂ ನಡುವಿನ ಗಿಯರ್ ಬದಲಿಸಬೇಕು. ಈ ಲೇತಿನ ಸ್ಕ್ರೂ ಪಿಚ್ 6 ಮಿ.ಮೀ. ಬೇಕಾದದ್ದು 1.5 ಆದರೆ 20 ಹಲ್ಲಿನ ಗಿಯರು 80 ಹಲ್ಲಿನದನ್ನು ತಿರುಗಿಸಬೇಕು. ಅಲ್ಲಿನ ಮೇಸ್ತ್ರಿಗೆ ಈ ಲೆಕ್ಕ ಬಾಯಲ್ಲೇ ಇದೆ. ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಅವರ ಮೊಮ್ಮಗ ಆ ಗಿಯರುಗಳನ್ನು ಬಿಚ್ಚಿಟ್ಟು, ಸ್ಪಿಂಡಲ್ಲಿಗೆ ಎನ್‌ಕೋಡರ್, ಸ್ಕ್ರೂಗೆ ಸ್ಟೆಪ್ಪರ್ ಮೋಟರ್, ನಡುವೆ ಒಂದು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್ ಕೂರಿಸಿದ್ದ.

ಹೀಗೆ ಥ್ರೆಡ್ ಹಾಕಿದ ಬೋಲ್ಟ್ ನೋಡಲು ಚೆಂದವಾಗಿಯೇ ಬಂತು. ನಟ್ ಹಾಕಿದರೆ ಮೂರು ಸುತ್ತು ಸರಾಗ, ನಾಲ್ಕನೆಯದಕ್ಕೆ ಕಚ್ಚಿ ನಿಂತಿತು. ಹುಡುಗ ವಾರವಿಡೀ ಎಲೆಕ್ಟ್ರಾನಿಕ್ಸ್ ಹಿಂದೆ ಬಿದ್ದಿದ್ದನಂತೆ: ಡ್ರೈವರ್ ಬದಲಿಸಿದ, ಶೀಲ್ಡ್ ಕೇಬಲ್ ಎಳೆದ, ಅರ್ಥಿಂಗ್ ಸರಿಮಾಡಿದ. ಮೇಸ್ತ್ರಿ ಥ್ರೆಡ್ ಗೇಜ್ ಇಟ್ಟು ಬೆಳಕಿಗೆ ಹಿಡಿದರು. ಮೊದಲ ಹಲ್ಲು ಕೂತಿತು, ಕೊನೆಯದು ಏರಿ ನಿಂತಿತು. ‘ಎಲ್ಲಾ ಹಲ್ಲಿಗೂ ಒಂದೇ ಸಮ ತಪ್ಪೈತೆ. ಕರೆಂಟಿನ ತಪ್ಪು ಹಿಂಗೆ ಬರಲ್ಲ ಮಗಾ. ಲೆಕ್ಕದಾಗೆ ಚಿಲ್ಲರೆ ಎಲ್ಲಿ ಬಿಟ್ಟೆ?’

ಚಿಲ್ಲರೆ ನಿಜವಾಗಿಯೂ ಬಿಟ್ಟುಹೋಗಿತ್ತು. ಎನ್‌ಕೋಡರ್ ಒಂದು ಸುತ್ತಿಗೆ 4096 ಎಣಿಕೆ ಕೊಡುತ್ತದೆ. ಅಷ್ಟರಲ್ಲಿ ಮೋಟರ್ 400 ಹೆಜ್ಜೆ ಇಡಬೇಕು. ಭಾಗಿಸಿದರೆ 10.24. ಪೂರ್ಣಾಂಕದ ಭಾಗಾಕಾರದಲ್ಲಿ ಪ್ರೋಗ್ರಾಮು 10 ಇಟ್ಟುಕೊಂಡು ಉಳಿದದ್ದನ್ನು ಎಸೆದಿತ್ತು. 400ರ ಬದಲು ಸರಾಸರಿ 409.6 ಹೆಜ್ಜೆ, 1.5ರ ಬದಲು 1.536 ಮಿ.ಮೀ. ಹಲ್ಲಿನಿಂದ ಹಲ್ಲಿಗೆ ಕೂಡುತ್ತಾ ಹೋಗಿ ನಟ್ ಕಚ್ಚಿತ್ತು.

ಇದಕ್ಕೆ ಮದ್ದು ಹಳೆಯದು. ಐಬಿಎಂನ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಕಂಡುಕೊಂಡು 1965ರಲ್ಲಿ ಪ್ರಕಟಿಸಿದ್ದು. ಕಂಪ್ಯೂಟರ್ ಗ್ರಾಫಿಕ್ಸ್ ಕಲಿಯುವವರು ಅದನ್ನು ಪರದೆಯ ಮೇಲೆ ಗೆರೆ ಎಳೆಯುವ ಪಾಠವಾಗಿ ಓದುತ್ತಾರೆ. ಆದರೆ ಅದು ಹುಟ್ಟಿದ್ದು ಪ್ಲಾಟರಿಗಾಗಿ, ಹೆಜ್ಜೆ ಹೆಜ್ಜೆಯಾಗಿ ಪೆನ್ನು ಸರಿಸುವ ಯಂತ್ರಕ್ಕಾಗಿ. ಭಾಗಾಕಾರವೇ ಬೇಡ. ಪ್ರತಿ ಎಣಿಕೆಗೂ ಒಂದು ಡಬ್ಬಿಗೆ 400 ಹಾಕು. 4096 ಮುಟ್ಟಿದರೆ ಒಂದು ಹೆಜ್ಜೆ ಇಡು, 4096 ತೆಗೆ, ಉಳಿದದ್ದು ಡಬ್ಬಿಯಲ್ಲೇ ಇರಲಿ. ನಾಲ್ಕು ಸಾಲಿನ ಕೆಲಸ. ಹುಡುಗ ಅಲ್ಲೇ ತಿದ್ದಿದ. ಮುಂದಿನ ಬೋಲ್ಟಿನ ಮೇಲೆ ನಟ್ ಬೆರಳ ತುದಿಯಲ್ಲೇ ಕೊನೆಯವರೆಗೆ ಇಳಿಯಿತು.

‘ಒಂದೇ ವಿದ್ಯೆ ಹಿಡಿ, ಉಳಿದದ್ದು ಬಿಡು’ ಅನ್ನುವವರ ಜೊತೆ ಈ ಅಂಕಣದಲ್ಲಿ ಬಹಳ ಸಲ ಜಗಳ ಕಾದಿದ್ದೇನೆ. ಅವರಿಗೆ ಈ ಬೋಲ್ಟ್ ತೋರಿಸಬೇಕು. ಬರೀ ಕೋಡ್ ಬಲ್ಲವನಿಗೆ ಗೇಜ್ ಹಿಡಿಯಲು ತೋಚುವುದಿಲ್ಲ. ಬರೀ ಲೇತು ಬಲ್ಲವರಿಗೆ ಚಿಲ್ಲರೆ ಬಿದ್ದ ಸಾಲು ಯಾವುದೆಂದು ಸಿಗುವುದಿಲ್ಲ. ಹಾಗಂತ ಮೂರು ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟು ಗುಡ್ಡೆ ಹಾಕುವವರ ಪಕ್ಷಕ್ಕೂ ನಾನಿಲ್ಲ. ಆ ಒಂದು ವಾರದಲ್ಲಿ ಹುಡುಗ ಅರ್ಥಿಂಗ್ ಕಲಿತ, ಪಿಚ್ ಅಳೆಯುವುದು ಕಲಿತ, ಬ್ರೆಸೆನ್‌ಹ್ಯಾಮ್ ಕಲಿತ. ಕಚ್ಚಿಕೊಂಡ ನಟ್ ಅವನನ್ನು ಮೂರು ಕಡೆಗೂ ಎಳೆದೊಯ್ದಿತು.

ನಾನು ಹೊರಡುವ ಹೊತ್ತಿಗೆ ಮೇಸ್ತ್ರಿ ಎಣ್ಣೆಬಟ್ಟೆ ಬಿಚ್ಚಿ ಒಂದು ದೊಡ್ಡ ಗಿಯರ್ ತೆಗೆದರು. ‘ನಾಳೆ ಇಂಚಿನ ಥ್ರೆಡ್ ಹಾಕ್ತೀನಿ ಅಂದೆಯಲ್ಲ. ಮೊದ್ಲು ಇದರ ಹಲ್ಲು ಎಣಿಸು.’ ಹುಡುಗ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದ. 127.

‘ಯಾಕಜ್ಜಾ 127?’

‘ಐದಿಂಚಿಗೆ ಎಷ್ಟು ಮಿ.ಮೀ. ಹೇಳು.’

ಹುಡುಗ ಲೆಕ್ಕ ಹಾಕಿದ. ಲ್ಯಾಪ್‌ಟಾಪ್ ಎಳೆದುಕೊಂಡು, ಪ್ರೋಗ್ರಾಮಿನಲ್ಲಿದ್ದ 25.4 ಅಳಿಸಿ, ಮೇಲೆ 127, ಕೆಳಗೆ 5 ಬರೆದ.