ಕಂಪನಿ ಹಾಡಿನ ಮೈಸೂರು ದಾರಿ

ಮೈಸೂರು ಸೀಮೆಯ ಶಾಲೆಗಳ ಅಂಗಳದಲ್ಲಿ ಎಷ್ಟೋ ತಲೆಮಾರಿನ ಮಕ್ಕಳು ಕೈಮುಗಿದು ನಿಂತು ಹಾಡಿದ ಪ್ರಾರ್ಥನೆಯೊಂದಿದೆ. ಲೋಕವನ್ನು ಪಾಲಿಸುವ ಸ್ವಾಮಿಗೆ ನಮಸ್ಕಾರ ಹೇಳುವ ಹಾಡು ಅದು. 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ಬಿ.ಆರ್. ಪಂತುಲು ಅದನ್ನು ಬಳಸಿಕೊಂಡ ಮೇಲೆ ಹಲವರ ನೆನಪಿನಲ್ಲಿ ಅದು ಸಿನಿಮಾ ಹಾಡಾಗಿಯೇ ಉಳಿದುಬಿಟ್ಟಿತು. ಬರೆದವರು ಮಾತ್ರ ಸಿನಿಮಾದವರಲ್ಲ. ತಿರುಮಕೂಡಲು ನರಸೀಪುರದ ಪಕ್ಕದ ಸೋಸಲೆಯಲ್ಲಿ 1854ರಲ್ಲಿ ಹುಟ್ಟಿದ, ಮೈಸೂರು ಅರಮನೆಯಲ್ಲಿ ಆಸ್ಥಾನ ವಿದ್ವಾಂಸರಾಗಿದ್ದ ಅಯ್ಯಾಶಾಸ್ತ್ರಿಗಳು. ಇತ್ತ ಕಪಿಲೆಯ ದಡದ ನಂಜನಗೂಡಿನಲ್ಲಿ 1917ರಲ್ಲಿ ಹುಟ್ಟಿದವರು ಜಿ.ವಿ. ಅಯ್ಯರ್. ನಾಟಕದ ಕಂಪನಿಯಲ್ಲಿ ಬೆಳೆದು, ಕನ್ನಡ ಚಿತ್ರಗಳಿಗೆ ಕಥೆ, ಸಂಭಾಷಣೆ, ಹಾಡು ಬರೆದು, ಕೊನೆಗೆ ಸಂಸ್ಕೃತದಲ್ಲಿ ಸಿನಿಮಾ ಮಾಡಿದವರು. ಈ ಎರಡು ಊರುಗಳ ನಡುವಿನ ಸೀಮೆಯಲ್ಲಿ ತಗಡೂರಿದೆ. ತಗಡೂರಿನ ಕಡೆಯಿಂದ ನೋಡಿದರೆ ಇವರಿಬ್ಬರೂ ಅಕ್ಕಪಕ್ಕದ ಊರಿನವರು. ಸಾಹಿತ್ಯ ಚರಿತ್ರೆಯ ಕಡೆಯಿಂದ ನೋಡಿದರೆ ಇವರನ್ನು ಸೇರಿಸಿ ಮಾತನಾಡುವವರೇ ಕಡಿಮೆ.

ನವೋದಯ, ನವ್ಯ, ಬಂಡಾಯ ಎಂದು ನಾವು ಕಾವ್ಯವನ್ನು ಭಾಗ ಮಾಡಿಕೊಂಡೆವು. ಅರಮನೆಯ ನಾಟಕ ಸಭೆಯಲ್ಲಿ ಹುಟ್ಟಿ, ಗುಬ್ಬಿ ಕಂಪನಿಯ ಡೇರೆಯಲ್ಲಿ ಬಲಿತು, ಗ್ರಾಮಫೋನ್ ತಟ್ಟೆಗೂ ಬೆಳ್ಳಿತೆರೆಗೂ ಏರಿದ ಹಾಡಿನ ಪಂಥಕ್ಕೆ ಈ ವಿಭಾಗಗಳಲ್ಲಿ ಜಾಗವೇ ಸಿಗಲಿಲ್ಲ. ಅದನ್ನು ಕಂಪನಿ ಹಾಡಿನ ಪಂಥ ಎಂದು ಕರೆಯುತ್ತೇನೆ. ಓದುವ ಕನ್ನಡವನ್ನು ಸಾವಿರ ಜನರ ಮುಂದೆ ಹಾಡುವ ಕನ್ನಡವಾಗಿ ಪಳಗಿಸಿದ್ದು ಈ ಪಂಥವೇ. ಅದೇ ಪಂಥ ತನ್ನ ನೆರೆಯಲ್ಲೇ ರಾತ್ರಿಯಿಡೀ ಹಾಡುತ್ತಿದ್ದವರ ಕಡೆ ಕಿವಿಗೊಡಲಿಲ್ಲ. ಅದರ ಸಾಧನೆಯನ್ನೂ ಈ ಕೊರತೆಯನ್ನೂ ಒಟ್ಟಿಗೆ ಇಟ್ಟುಕೊಂಡೇ ಅದನ್ನು ಅಳೆಯಬೇಕು.

ಮೊದಲು ಸಾಧನೆಯ ಮಾತು. ಅಯ್ಯಾಶಾಸ್ತ್ರಿಗಳ ಆ ಪ್ರಾರ್ಥನೆಯನ್ನೇ ಬೆರಳು ಮಡಿಸುತ್ತಾ ಹೇಳಿಕೊಂಡು ನೋಡಿ. ಗುರು-ಲಘುಗಳ ಲೆಕ್ಕದಲ್ಲಿ ಅದರ ಸಾಲು ಹದಿನೆಂಟು ಅಕ್ಷರಗಳ ಮಲ್ಲಿಕಾಮಾಲೆಯ ಅಚ್ಚಿನಲ್ಲಿದೆ. ಅದು ಪಂಡಿತರ ವೃತ್ತ, ಹಳಗನ್ನಡ ಕವಿಗಳು ಚಂಪುವಿನಲ್ಲಿ ಬಳಸಿದ್ದು. ಆದರೆ ಮಾತ್ರೆಯ ಲೆಕ್ಕ ಹಿಡಿದರೆ ಒಳಗೆ ಮೂರು-ನಾಲ್ಕು, ಮೂರು-ನಾಲ್ಕು ಎಂಬ ನಡೆ ಸಿಗುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆಯೂ ಅದೇ, ಸಂಗೀತದವರ ಮಿಶ್ರಛಾಪುವೂ ಅದೇ. ಊರ ಚಾವಡಿಯಲ್ಲಿ ಭಾರತ ವಾಚನ ಕೇಳಿ ಬೆಳೆದ ಯಾವ ಕಿವಿಗೂ ಅದು ಹೊಸತಲ್ಲ. ವೃತ್ತದ ಗಾಂಭೀರ್ಯವೂ ಷಟ್ಪದಿಯ ಬಳಕೆಯೂ ಒಂದೇ ಸಾಲಿನಲ್ಲಿ ಕೂಡಿದ್ದರಿಂದಲೇ ಅರ್ಥ ತಿಳಿಯದ ಒಂದನೆಯ ಇಯತ್ತೆಯ ಮಗುವಿಗೂ ಅದು ಒಂದು ವಾರದಲ್ಲಿ ಬಾಯಿಗೆ ಬಂತು. ಸಂಬೋಧನೆಗಳೆಲ್ಲ ಕನ್ನಡದಲ್ಲಿವೆ, ನಮಸ್ಕಾರ ಮಾತ್ರ ಸಂಸ್ಕೃತದಲ್ಲಿದೆ. ಕರೆಯುವಾಗ ಮನೆಮಾತು, ಬಾಗುವಾಗ ಗುಡಿಯ ಮಾತು. ಇದು ಆಕಸ್ಮಿಕವಾಗಿ ಕೈಗೂಡುವ ಕೆಲಸವಲ್ಲ, ನಾಟಕದ ಹಾಡು ಬರೆದು ಪಳಗಿದ ಕೈಯ ಲೆಕ್ಕಾಚಾರ.

ಆ ಕೈ ಪಳಗಿದ್ದು ಅರಮನೆಯಲ್ಲಿ. ಚಾಮರಾಜ ಒಡೆಯರ ಕಾಲದಲ್ಲಿ, 1880ರ ದಶಕದ ಆರಂಭದಲ್ಲಿ, ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ಹುಟ್ಟಿತು. ಮೈಸೂರು ಸಂಸ್ಥಾನದ ನಾಡಗೀತೆ ಬರೆದ ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದರು. ಮೂಲದಲ್ಲಿ ಶ್ಲೋಕ ಇದ್ದಲ್ಲೆಲ್ಲ ಕಂದ, ವೃತ್ತ, ಹಾಡು ಬಂದವು. ಅಯ್ಯಾಶಾಸ್ತ್ರಿಗಳೂ ಇದೇ ಬಳಗದಲ್ಲಿ ನಾಟಕ ಬರೆದರು. ಮುಂದೆ ವರದಾಚಾರ್ಯರ ರತ್ನಾವಳಿ ಕಂಪನಿ, ಗುಬ್ಬಿ ಕಂಪನಿ, ಮಹಮದ್ ಪೀರರ ಚಂದ್ರಕಲಾ ನಾಟಕ ಮಂಡಳಿ, ಹೀಗೆ ಅರಮನೆಯ ಹಾಡು ಸಂತೆಮೈದಾನಕ್ಕೆ ಇಳಿಯಿತು. ಗುಬ್ಬಿ ಕಂಪನಿಗೆ ನಾಟಕ ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳೇ 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಮಾತು-ಹಾಡು ಬರೆದರು. ಕನ್ನಡ ಸಿನಿಮಾ ಬಾಯಿ ಬಿಟ್ಟ ಮೊದಲ ದಿನವೇ ಆಡಿದ್ದು ಕಂಪನಿಯ ಮಾತು, ಹಾಡಿದ್ದು ಕಂಪನಿಯ ಹಾಡು.

ಕಂಪನಿಯ ಹಾಡಿಗೆ ಅದರದೇ ಕಟ್ಟುಪಾಡುಗಳಿದ್ದವು. ಧ್ವನಿವರ್ಧಕ ಇಲ್ಲದ ಕಾಲ. ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕೂತವನಿಗೂ ಒಂದೊಂದು ಅಕ್ಷರ ಮುಟ್ಟಬೇಕು. ಆದ್ದರಿಂದ ಸಾಲಿನ ಕೊನೆಗೆ ದೀರ್ಘ ಸ್ವರ ಬೇಕು, ನಟ ಬಾಯ್ತೆರೆದು ನಿಲ್ಲಲು ಒಂದು ತಾಣ ಬೇಕು. ಲೆಗ್ ಹಾರ್ಮೋನಿಯಂ ತುಳಿಯುವ ಮೇಷ್ಟ್ರು ಮಟ್ಟು ಮೊದಲೇ ಹಿಡಿದಿರುತ್ತಿದ್ದರು. ಎಷ್ಟೋ ಸಲ ಅದು ಮರಾಠಿ ಕಂಪನಿಯಿಂದಲೋ ಪಾರ್ಸಿ ನಾಟಕದಿಂದಲೋ ಬಂದ ಮಟ್ಟು. ಕವಿ ಅದರೊಳಗೆ ಕನ್ನಡವನ್ನು ಕೂರಿಸಬೇಕು. ಹಾಡು ನಡುವೆ ಬಂದು ಕಥೆಯನ್ನು ನಿಲ್ಲಿಸಬಾರದು, ಪಾತ್ರದ ಮಾತು ಎಲ್ಲಿ ಕೊನೆಯಾಯಿತೋ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಒನ್ಸ್ ಮೋರ್ ಬಿದ್ದರೆ ಅದೇ ಹಾಡನ್ನು ಮತ್ತೆ ತಾಳುವಷ್ಟು ಅರ್ಥವೂ ಇರಬೇಕು. ಈ ಕಟ್ಟುಪಾಡಿನಲ್ಲಿ ಕೆಲಸ ಮಾಡಿದವರನ್ನು ಮಟ್ಟಿಗೆ ಪದ ತುಂಬುವವರು ಎಂದು ನಮ್ಮ ವಿಮರ್ಶಕರು ಬಹುಕಾಲ ಬದಿಗಿಟ್ಟರು. ನನಗೆ ಇದು ಅನ್ಯಾಯವೆನ್ನಿಸುತ್ತದೆ. ಛಂದಸ್ಸಿಗೆ ಬರೆಯುವುದು ಕಾವ್ಯವಾದರೆ ಮಟ್ಟಿಗೆ ಬರೆಯುವುದು ಏಕೆ ಅಲ್ಲ?

ಜಿ.ವಿ. ಅಯ್ಯರ್ ಈ ಗರಡಿಯ ಹುಡುಗ. ಎಂಟರ ಪ್ರಾಯದಲ್ಲಿ ಗುಬ್ಬಿ ಕಂಪನಿ ಸೇರಿದರು. ‘ರಾಧಾರಮಣ’ದಿಂದ ಸಿನಿಮಾಕ್ಕೆ ಬಂದರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್, ನರಸಿಂಹರಾಜು ಅವರ ಜೊತೆ ತಾವೂ ನಟಿಸಿದರು. ಕನ್ನಡ ಚಿತ್ರಗಳಿಗೆ ಕಷ್ಟ ಬಂದಾಗ ಈ ಮೂವರೂ ಬಾಲಕೃಷ್ಣ ಅವರೂ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿನಲ್ಲಿ ನಾಟಕ ಆಡಿದರು. ಆಮೇಲೆ ‘ರಣಧೀರ ಕಂಠೀರವ’ ತೆಗೆದರು. 1960ರಲ್ಲಿ ತೆರೆಕಂಡ ಆ ಚಿತ್ರದ ಕಥೆ, ಸಂಭಾಷಣೆ, ಹಾಡು ಅಯ್ಯರ್ ಅವರದು. ಹದಿನೇಳನೆಯ ಶತಮಾನದ ಮೈಸೂರು ಅರಸನ ಕಥೆಯನ್ನು ನಂಜನಗೂಡಿನವನೊಬ್ಬ ಬರೆದಾಗ ಅರಮನೆಯ ನಾಟಕ ಸಭೆಯ ಮಾತಿನ ಠೀವಿ ಹೊಸ ಕಾಲದ ಜನರ ಮುಂದೆ ಮತ್ತೆ ನಿಂತಿತು. ಅಷ್ಟು ಹೊತ್ತಿಗೆ ನಾಡಿಗೆ ಮೈಸೂರು ರಾಜ್ಯವೆಂಬ ಹೆಸರಿದ್ದರೂ ಏಕೀಕರಣವಾಗಿ ನಾಲ್ಕು ವರ್ಷ ಕಳೆದಿತ್ತು. ರಾಜಭಕ್ತಿಯ ಹಾಡನ್ನು ನಾಡಭಕ್ತಿಯ ಹಾಡಾಗಿ ತಿರುಗಿಸಿದವರಲ್ಲಿ ಅಯ್ಯರ್ ಮುಖ್ಯರು ಎಂಬುದನ್ನು ನಾವು ಸಾಕಷ್ಟು ಗುರುತಿಸಿಲ್ಲ. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ಕಾವೇರಿಯ ಹಾಡನ್ನು ಕೇಳಿ. ದೇವಿಸ್ತುತಿಯ ಹಳೆಯ ಕಟ್ಟು ಹಾಗೇ ಇದೆ. ಆದರೆ ಸಿಂಹಾಸನದ ಜಾಗದಲ್ಲಿ ನದಿ ಇದೆ. ಆ ನದಿಯ ನೀರು ಕುಡಿದವರೆಲ್ಲರ ಹಾಡು ಅದು. ಅದಕ್ಕೆ ಯಾರ ಆಸ್ಥಾನವೂ ಬೇಕಿಲ್ಲ.

ಅವರ ಹಾಡುಗಳ ಗುಣ ಹೇಳುವಾಗ ದೋಷವನ್ನು ಬಚ್ಚಿಡಬಾರದು. ಭಕ್ತಿ, ತಾಯಿ, ನಾಡು, ನೀತಿ ಇವುಗಳಲ್ಲಿ ಅವರ ಮಾತಿಗೆ ತೂಕವಿದೆ. ಪ್ರೇಮಗೀತೆಗೆ ಬಂದರೆ ಅದೇ ಮಾತು ವೇಷ ಕಳಚದ ನಟನ ಹಾಗೆ ನಿಲ್ಲುತ್ತದೆ. ನಾಯಕಿ ಶಕುಂತಲೆಯಂತೆ ಹಾಡುತ್ತಾಳೆ, ಪಕ್ಕದ ಬೀದಿಯ ಹುಡುಗಿಯಂತೆ ಅಲ್ಲ. ಇದು ಅಯ್ಯರ್ ಒಬ್ಬರ ಕೊರತೆಯಲ್ಲ, ಪಂಥದ ಕೊರತೆ. ಅದೇ ಕಾಲದಲ್ಲಿ ಕೆ.ಎಸ್. ನರಸಿಂಹಸ್ವಾಮಿ ‘ಮೈಸೂರ ಮಲ್ಲಿಗೆ’ಯಲ್ಲಿ ಗಂಡಹೆಂಡಿರ ದಿನದ ಮಾತನ್ನು ಹಾಡಾಗಿಸಿ 20 ವರ್ಷ ಕಳೆಯುತ್ತ ಬಂದಿತ್ತು. ಅವರ ಹುಟ್ಟೂರು ಕಿಕ್ಕೇರಿಯೇನು ದೂರವೇ? ಆದರೂ ಆ ಕವಿತೆಗಳಿಗೆ ನಾಗಾಭರಣರ ಚಿತ್ರ ಬಂದದ್ದು 1990ರ ದಶಕದಲ್ಲಿ.

ಇಲ್ಲಿ ಕೇರಳದ ಕಡೆ ಒಮ್ಮೆ ನೋಡಬೇಕು. ನಮ್ಮ ನಂಜನಗೂಡು ತಾಲ್ಲೂಕಿನಿಂದ ಗುಂಡ್ಲುಪೇಟೆ ದಾಟಿದರೆ ಸಿಗುವ ನಾಡು ಅದು. ‘ಬೇಡರ ಕಣ್ಣಪ್ಪ’ ಬಂದ 1954ರಲ್ಲೇ ಅಲ್ಲಿ ‘ನೀಲಕ್ಕುಯಿಲ್’ ಬಂತು. ಕವಿ ಪಿ. ಭಾಸ್ಕರನ್ ಅದಕ್ಕೆ ಹಾಡು ಬರೆದರು, ರಾಮು ಕಾರ್ಯಾಟ್ ಜೊತೆ ಸೇರಿ ನಿರ್ದೇಶನವನ್ನೂ ಮಾಡಿದರು. ಕೆ. ರಾಘವನ್ ಮಾಪಿಳ್ಳೆ ಹಾಡಿನ ಧಾಟಿಯನ್ನೂ ಹಳ್ಳಿಯ ಧಾಟಿಯನ್ನೂ ಅದರಲ್ಲಿ ತಂದರು. ಜನಚಳವಳಿಯ ರಂಗತಂಡವಾದ ಕೆಪಿಎಸಿಯ ನಾಟಕಗಳಿಗೆ ಹಾಡು ಬರೆದ ಒ.ಎನ್.ವಿ. ಕುರುಪ್ ಚಿತ್ರಗೀತೆ ಬರೆಯುತ್ತಲೇ ಜ್ಞಾನಪೀಠದವರೆಗೆ ಹೋದರು. ವಯಲಾರ್ ರಾಮವರ್ಮ ಪುಸ್ತಕದ ಕವಿಯೂ ಹೌದು, ಸಿನಿಮಾದ ಕವಿಯೂ ಹೌದು, ಅವರ ಓದುಗರು ಇಬ್ಬರು ವಯಲಾರರನ್ನು ಕಾಣಲಿಲ್ಲ. ಕನ್ನಡದಲ್ಲಿ ಹಾಗಾಗಲಿಲ್ಲ. ಬೇಂದ್ರೆಯವರ ಕವಿತೆ 1967ರ ‘ಬೆಳ್ಳಿಮೋಡ’ಕ್ಕೆ ಬಂತು, ಅದೂ ಪುಸ್ತಕದಲ್ಲಿ ಮೊದಲೇ ಇದ್ದದ್ದನ್ನು ಎತ್ತಿಕೊಂಡದ್ದು. ದೊಡ್ಡ ಕವಿ ಮಟ್ಟಿನ ಎದುರು ಕೂತು ಬರೆಯಲಿಲ್ಲ, ಮಟ್ಟಿಗೆ ಬರೆದವನನ್ನು ಕವಿ ಎನ್ನಲಿಲ್ಲ. ಮಲಯಾಳದ ಚಿತ್ರಗೀತೆಗೆ ಜನಚಳವಳಿಯ ರಂಗಭೂಮಿ ತಾಯಿಮನೆ, ನಮ್ಮದಕ್ಕೆ ಪೌರಾಣಿಕ ನಾಟಕದ ರಂಗಭೂಮಿ. ಈ ಒಂದು ವ್ಯತ್ಯಾಸ ಮುಂದಿನ 50 ವರ್ಷಗಳ ಹಾಡಿನ ಭಾಷೆಯನ್ನೇ ಬೇರೆ ಮಾಡಿತು.

ಹಾಗಾದರೆ ನಮ್ಮ ಸೀಮೆಯಲ್ಲಿ ಜನರ ಹಾಡು ಇರಲಿಲ್ಲವೇ? ನಂಜನಗೂಡು, ನರಸೀಪುರ, ಕೊಳ್ಳೇಗಾಲ, ಮಳವಳ್ಳಿಗಳ ಹಟ್ಟಿಗಳಲ್ಲಿ ನೀಲಗಾರರು ತಂಬೂರಿ ಹಿಡಿದು, ಗಗ್ಗರ ಕುಲುಕಿ, ಡಮ್ಮಡಿ ಬಡಿದು ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಹಾಡುತ್ತಾರೆ. ದೇವರಗುಡ್ಡರು ಕಂಸಾಳೆ ಬೀಸಿ ಮಾದೇಶ್ವರನ ಕಥೆ ಹಾಡುತ್ತಾರೆ. ಕಥೆಯ ಒಂದೊಂದು ಭಾಗವನ್ನು ಸಾಲು ಎನ್ನುತ್ತಾರೆ, ಒಂದೊಂದು ಸಾಲು ಒಂದೊಂದು ರಾತ್ರಿ. ಈ ಕಾವ್ಯಗಳಲ್ಲಿ ಮಾತು ಯಾವಾಗ ಹಾಡಾಯಿತು, ಹಾಡು ಯಾವಾಗ ಮಾತಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಮೇಳದವರು ಸೊಲ್ಲು ಹಿಡಿಯುತ್ತಾರೆ, ಮುಂದಿನವರು ಕಥೆಯನ್ನು ಒಂದು ಹೆಜ್ಜೆ ಎಳೆದೊಯ್ಯುತ್ತಾರೆ, ಮತ್ತೆ ಸೊಲ್ಲು. ಗುರು ಮಂಟೇಸ್ವಾಮಿ ಗಲೀಜು ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ಶರಣರನ್ನೇ ಪರೀಕ್ಷಿಸುವ ಕಥೆಯನ್ನು ಹೀಗೆ ಹೇಳುವವರು ಸೋಸಲೆಗೂ ನಂಜನಗೂಡಿಗೂ ನಡುವೆಯೇ ಇದ್ದರು. ಕಂಪನಿ ನಾಟಕ ಮಹಾರಾಷ್ಟ್ರದಿಂದ ಮಟ್ಟು ತಂದಿತು, ಪಕ್ಕದ ಕೇರಿಯಿಂದ ತರಲಿಲ್ಲ. ಅದಕ್ಕೆ ಕಾರಣ ರುಚಿ ಮಾತ್ರವಲ್ಲ, ಜಾತಿ. ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಅವರ ತಂಬೂರಿ ಅರಮನೆಯ ನಾಟಕ ಸಭೆಗೆ ಕೇಳಿಸುವ ದೂರದಲ್ಲಿರಲಿಲ್ಲ. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ದಂಥ ಸಂಗ್ರಹಗಳು 1970ರ ದಶಕದಲ್ಲಿ ಅಚ್ಚಾಗಿ ಬರುವವರೆಗೆ ಓದುವ ಜನ ಇದನ್ನು ಕಾವ್ಯವೆಂದು ಎಣಿಸಲೂ ಇಲ್ಲ. ಸಿನಿಮಾದಲ್ಲಿ ಮಾದೇಶ್ವರನ ಹಾಡು ದೊಡ್ಡ ದನಿಯಲ್ಲಿ ಮೊಳಗಿದ್ದು ವಿ. ಮನೋಹರ್ ಸಂಗೀತದ ‘ಜನುಮದ ಜೋಡಿ’ಯಲ್ಲಿ, 1996ರಲ್ಲಿ.

ಅಯ್ಯರ್ ಈ ಜಾತಿಯ ಗೋಡೆಯ ಹತ್ತಿರ ಬಂದದ್ದುಂಟು, ಗಾಂಧಿಯ ದಾರಿಯಲ್ಲಿ. ತಗಡೂರು ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ತಗಡೂರು ರಾಮಚಂದ್ರರಾಯರು, ಖಾದಿ, ಅಸ್ಪೃಶ್ಯತೆಯ ವಿರುದ್ಧ ಅವರು ನಡೆಸಿದ ಕೆಲಸ. ಬದನವಾಳಿನ ನೂಲುವ ಕೇಂದ್ರವೂ ಇದೇ ನಂಜನಗೂಡು ತಾಲ್ಲೂಕಿನದು. ಗಾಂಧಿ ಇಲ್ಲಿ ಬರಿಯ ಪಟದಲ್ಲಿರಲಿಲ್ಲ. ಗಾಂಧೀಜಿ ತೀರಿಕೊಂಡ ಮೇಲೆ ಅಯ್ಯರ್ ಚಪ್ಪಲಿ ಬಿಟ್ಟರು, ಬರಿಗಾಲಿನಲ್ಲೇ ಬದುಕು ಕಳೆದರು. 1962ರಲ್ಲಿ ನಿರ್ದೇಶಕರಾಗಿ ‘ಭೂದಾನ’ ತೆಗೆದರು. ರಾಜ್‌ಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರೂ ಇದ್ದ ಆ ಚಿತ್ರ ತುಂಡು ನೆಲಕ್ಕಾಗಿ ಹಂಬಲಿಸುವ ಬಡ ಕುಟುಂಬದ ಕಥೆ. ಪೌರಾಣಿಕದ ಮನೆಯಲ್ಲಿ ಬೆಳೆದವನೊಬ್ಬ ಇಂಥ ಕಥೆಗೆ ಕೈಹಾಕಿದ್ದು ಸಣ್ಣ ಮಾತಲ್ಲ. ವಸ್ತು ಹಟ್ಟಿಗೆ ಬಂತು. ಆದರೆ ಹಟ್ಟಿಯ ಹಾಡಿನ ಕಟ್ಟು ಚಿತ್ರಗೀತೆಗೆ ಬರಲಿಲ್ಲ. ಪಂಥ ತನ್ನ ಗಡಿ ದಾಟಬಹುದಾಗಿದ್ದ ಗಳಿಗೆ ಅದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮುಂದೆ ಅವರು ಹಾಡು ಬರೆಯುವುದನ್ನೇ ಹಿಂದಕ್ಕೆ ಬಿಟ್ಟರು. ‘ವಂಶವೃಕ್ಷ’ವನ್ನು ನಿರ್ಮಿಸಿ ನಿರ್ದೇಶನವನ್ನು ಗಿರೀಶ ಕಾರ್ನಾಡ್, ಬಿ.ವಿ. ಕಾರಂತರ ಕೈಗೆ ಕೊಟ್ಟರು. 1975ರ ‘ಹಂಸಗೀತೆ’ಯಲ್ಲಿ ತ.ರಾ.ಸು. ಅವರ ಕಾದಂಬರಿ ಹಿಡಿದು ಸಂಗೀತಗಾರನೊಬ್ಬನ ಬಾಳನ್ನೇ ಚಿತ್ರವಾಗಿಸಿದರು. ಅದಕ್ಕೆ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ರಾಗ ಮುಂದೆ ನಿಂತಿತು, ಸಾಹಿತ್ಯ ಹಿಂದೆ ಸರಿಯಿತು. ಪದ ಕೂರಿಸುವುದರಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯ ಪದವೇ ಬೇಡದ ಸಂಗೀತದ ಕಡೆ ನಡೆದದ್ದು ಅದು. 1983ರಲ್ಲಿ ‘ಆದಿ ಶಂಕರಾಚಾರ್ಯ’, ಸಂಸ್ಕೃತದ ಮೊದಲ ಚಿತ್ರ, ದೇಶದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಪಡೆಯಿತು. ಮತ್ತೆ ಮಧ್ವ, ರಾಮಾನುಜ, ಭಗವದ್ಗೀತೆ. ಅರಮನೆಯ ಪಂಡಿತರು ಸಂಸ್ಕೃತದಿಂದ ಕನ್ನಡಕ್ಕೆ ತಂದ ರಂಗಭೂಮಿಯ ಕೊನೆಯ ದೊಡ್ಡ ಕುಡಿ ಕನ್ನಡದಿಂದ ಸಂಸ್ಕೃತಕ್ಕೆ ಹಿಂದಿರುಗಿತು. ಇದನ್ನು ಅವರ ಸೋಲು ಎನ್ನಲಾರೆ. ಆ ಚಿತ್ರಗಳ ತಪಸ್ಸು ನಿಜವಾದದ್ದು. ಆದರೆ ಕನ್ನಡದ ಹಾಡಿಗೆ ಅದರಿಂದ ಏನೂ ದಕ್ಕಲಿಲ್ಲ.

‘ಆದಿ ಶಂಕರಾಚಾರ್ಯ’ ಬಂದ ಮರುವರ್ಷ, 1984ರಲ್ಲಿ, ಅದೇ ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ‘ಕುಸುಮಬಾಲೆ’ ಬಂತು. ದೇವನೂರ ಮಹಾದೇವ ಅದನ್ನು ಗದ್ಯದಲ್ಲಿ ಬರೆದರೂ ನೀಲಗಾರರ ಕಥನದ ಉಸಿರು ಅದರ ವಾಕ್ಯ ವಾಕ್ಯದಲ್ಲಿದೆ. ಎಲ್. ಬಸವರಾಜು ಅವರು ಅದನ್ನು ಪದ್ಯದ ಸಾಲುಗಳಾಗಿ ಒಡೆದು ತೋರಿಸಿದಾಗ ಅದು ಹಾಡೇ ಎಂಬುದು ಅನೇಕರಿಗೆ ಕಂಡಿತು. ಕಂಪನಿ ಹಾಡಿನ ಪಂಥ ನೂರು ವರ್ಷ ತನ್ನ ಸುತ್ತ ಇದ್ದರೂ ಕೇಳಿಸಿಕೊಳ್ಳದ ದನಿಯನ್ನು ಒಬ್ಬ ಗದ್ಯಕಾರ ಕೇಳಿಸಿಕೊಂಡ. ಅಯ್ಯಾಶಾಸ್ತ್ರಿ, ಬೆಳ್ಳಾವೆ, ಅಯ್ಯರ್ ಇವರ ಹಾಡುಗಳನ್ನು ಒಟ್ಟಿಗೆ ತಂದು ಮಟ್ಟು, ರಾಗ, ಸಂದರ್ಭ ಸಹಿತ ಸಂಪಾದಿಸುವ ಕೆಲಸ ವಿಶ್ವವಿದ್ಯಾಲಯಗಳಿಂದ ಆಗಬೇಕು. ಆ ಸಂಪುಟದ ಪಕ್ಕದಲ್ಲಿ ಮಂಟೇಸ್ವಾಮಿ ಕಾವ್ಯವನ್ನೂ ಇಟ್ಟು, ಎರಡನ್ನೂ ಒಂದೇ ತರಗತಿಯಲ್ಲಿ ಹಾಡಿಸಿ ಪಾಠ ಹೇಳಬೇಕು.