ಜಾಗ ಬದಲಾದ ಪುಟ

ಮೆಲ್ ಗೋರ್ಮನ್ ಬರೆದ 'ಅಂಡರ್‌ಸ್ಟ್ಯಾಂಡಿಂಗ್ ದಿ ಲಿನಕ್ಸ್ ವರ್ಚುವಲ್ ಮೆಮೊರಿ ಮ್ಯಾನೇಜರ್' (2004) ಪುಸ್ತಕವನ್ನು ಎರಡನೇ ಸಲ ಓದಿದ್ದು ಸಾಗರದ ಮನೇಲಿ, ಮಳೆಗಾಲದ ರಜೆಯಲ್ಲಿ. ಲಿಂಗನಮಕ್ಕಿ ಇಷ್ಟು ಹತ್ತಿರ ಇದ್ದೂ ಸಂಜೆ ಹೊತ್ತು ಕರೆಂಟ್ ಇಲ್ಲ, ಅದು ಬೇರೆ ಮಾತು.

ನಾನು ಕನ್ನಡದಲ್ಲಿ ಓದಿದ ಕಂಪ್ಯೂಟರ್ ಪಾಠಗಳ ಮೇಲೆ ನನ್ನದೊಂದು ತಕರಾರಿದೆ. ಮೆಮೊರಿ ಅಂದ ಕೂಡಲೇ ಅಂಚೆ ಕಚೇರಿಯ ಖಾನೆಗಳನ್ನು ತೋರಿಸಿ ಕೈ ತೊಳೆದುಕೊಳ್ತವೆ. ಖಾನೆಗೊಂದು ನಂಬರು, ನಂಬರೇ ಜಾಗ. ಕರ್ನಲ್‌ನ ಆಟ ಇರೋದೇ ಈ ನಂಬರಿಗೂ ಜಾಗಕ್ಕೂ ಇರುವ ನಂಟು ಬಿಡಿಸೋದರಲ್ಲಿ!

ಗೋರ್ಮನ್ ಹಾಗೆ ಮಾಡಲ್ಲ. ನೋಡ್, ಅದರೊಳಗೆ ಝೋನ್, ಝೋನಿನೊಳಗೆ 4 ಕೆಬಿಯ ಪುಟ. ಜಿಲ್ಲೆ, ತಾಲ್ಲೂಕು, ಸರ್ವೆ ನಂಬರ್ ಅಂದುಕೊಳ್ಳಿ. ಪ್ರತಿ ಪುಟಕ್ಕೂ ಪಹಣಿಯಂಥದ್ದೊಂದು ದಾಖಲೆ. ಪ್ರೋಗ್ರಾಮಿನ ಕೈಲಿರೋದು ತೋರಿಕೆಯ ವಿಳಾಸ ಮಾತ್ರ. ಅದನ್ನು ನಿಜವಾದ ಜಾಗಕ್ಕೆ ಹೊಂದಿಸೋದು ಪೇಜ್ ಟೇಬಲ್. ಪುಟವನ್ನು ಎತ್ತಿ ಬೇರೆಡೆ ಇಟ್ಟು ಟೇಬಲ್‌ನ ಒಂದು ಸಾಲು ತಿದ್ದಿದರೆ ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ. ಹಾಗೆ ಪುಟಗಳನ್ನು ಸರಿಸಿ ಒತ್ತಟ್ಟು ಮಾಡುವ ಕೆಲಸವನ್ನು 2010ರಲ್ಲಿ ಕರ್ನಲ್‌ಗೆ ತಂದವರೂ ಇದೇ ಗೋರ್ಮನ್.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಹಿನ್ನೀರು ಏರಿದಾಗ ಅಜ್ಜಿಯ ಊರೂ ಮುಳುಗಿತು. ತೀರ್ಥಹಳ್ಳಿ ಕಡೆ ಹೊಸ ಜಾಗ ಸಿಕ್ಕಿತು, ಹಳೇ ಹೆಸರನ್ನೇ ಇಟ್ಟುಕೊಂಡರು. ಪಟ್ಟಿಯಲ್ಲಿ ಒಂದು ಸಾಲು ಬದಲಾಯ್ತು, ಅಷ್ಟೆ. ಆದರೆ ಅಜ್ಜಿಗೆ ಗೊತ್ತಾಗಿತ್ತು. ಕೊನೆವರೆಗೂ "ಮನೆಗೆ ಹೋಗ್ಬೇಕು" ಅನ್ನೋರು, ಮನೇಲೇ ಕೂತು.

ಪುಸ್ತಕದ ಒಂಬತ್ತನೇ ಅಧ್ಯಾಯ ಹೈ ಮೆಮೊರಿಯದ್ದು. 32 ಬಿಟ್‌ನಲ್ಲಿ ಕರ್ನಲ್ ಪಾಲಿಗೆ 1 ಜಿಬಿ ವಿಳಾಸ. ಅದರಲ್ಲಿ 128 ಎಂಬಿ ಬೇರೆ ಕೆಲಸಗಳಿಗೆ ಮೀಸಲು, ಉಳಿದ 896 ಎಂಬಿಗೆ ಕಾಯಂ ನೇರ ಹೊಂದಿಕೆ. ಅದರಾಚೆಯ ರ‍್ಯಾಮ್ ಬೇಕಾದಾಗ ಮಾತ್ರ ತಾತ್ಕಾಲಿಕ ವಿಳಾಸ ಪಡೆದು ಬಂದು ಹೋಗಬೇಕು. 64 ಬಿಟ್ ಬಂದ ಮೇಲೆ ಈ ಪೇಚು ಉಳಿದಿಲ್ಲ. ನನಗೆ ಇಷ್ಟವಾಗಿದ್ದು ಮಾತ್ರ ಇದೇ ಭಾಗ. ಜಾಗ ಸಾಲದಾದಾಗ ಯಾರನ್ನು ಕಾಯಂ ಮಾಡ್ತಾರೆ, ಯಾರನ್ನು ಕಾಯಿಸ್ತಾರೆ ಅನ್ನೋದು ಇಲ್ಲಿ ಬರಿಗಣ್ಣಿಗೆ ಕಾಣುತ್ತೆ. ಇಂಥ ಕಡೆ ಗೋರ್ಮನ್ ಇನ್ನೂ ಸ್ವಲ್ಪ ನಿಲ್ಲಬೇಕಿತ್ತು. ಫಂಕ್ಷನ್ ಕರೆಗಳ ನಕ್ಷೆಗಳ ಕಡೆ ಓಡಿಬಿಡ್ತಾರೆ. 2.4ರ ಕಥೆ ಹೇಳಿ, ಅಧ್ಯಾಯದ ತುದಿಗೆ 2.6ರ ಬದಲಾವಣೆ ಅಂಟಿಸಿರೋದೂ ಓದಿಗೆ ತೊಡಕು.

ಹೊಸನಗರದ ಗೆಳೆಯನೊಬ್ಬ ಕೇಳಿದ್ದಾನೆ, ಪಿಡಿಎಫ್ ಕಳಿಸ್ತಿದೀನಿ. ಎರಡು, ಮೂರು, ಆಮೇಲೆ ಸೀದಾ ಒಂಬತ್ತನೇ ಅಧ್ಯಾಯ ಓದು ಅಂದಿದೀನಿ.