ಅನಂತದಲ್ಲಿ ಅಳೆಯುವ ತೂಕ: ಹರೀಶ್‌ಚಂದ್ರರ ಸೂತ್ರಕ್ಕೆ ವ್ಯಾಖ್ಯಾನ

ಹರೀಶ್‌ಚಂದ್ರ 1943ರಿಂದ 1945ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆಗ ಅವರದು ಭೌತವಿಜ್ಞಾನ. ಲೀ ಗುಂಪುಗಳ ಗೋಲೀಯ ಫಲನಗಳ ಮೇಲೆ ಅವರ ಎರಡು ದೊಡ್ಡ ಪ್ರಬಂಧಗಳು ಅಚ್ಚಾದದ್ದು 1958ರಲ್ಲಿ. ಅಲ್ಲಿನ ಸೂತ್ರವನ್ನು ಅತಿ ಸರಳ ಸಂದರ್ಭಕ್ಕೆ ಇಳಿಸಿ, ಮೂರು ಸಾಲಿನಲ್ಲಿ ಹೇಳಿ ಬಿಡಿಸುತ್ತೇನೆ.

‘ಹೈಪರ್ಬೋಲಿಕ್ ತಲದಲ್ಲಿ, ಕೇಂದ್ರದಿಂದ ಇರುವ ದೂರವನ್ನಷ್ಟೇ ಆಧರಿಸಿದ ಫಲನವೊಂದಿರಲಿ.’

ಇಲ್ಲಿನ ಲೀ ಗುಂಪು, ನಿರ್ಧಾರಕ 1 ಆಗಿರುವ ಎರಡು-ಎರಡರ ನೈಜ ಮಾತೃಕೆಗಳದು. ಅದು ಯಾವ ಬಿಂದುವನ್ನಾದರೂ ಯಾವ ಬಿಂದುವಿಗಾದರೂ ಒಯ್ಯುತ್ತದೆ. ಪ್ರತಿ ಬಿಂದುವಿನಲ್ಲೂ, ಅದರ ಮೂಲಕ ಹಾಯುವ ಗೆರೆಗಳನ್ನೆಲ್ಲ ಹಿಂದುಮುಂದಾಗಿಸುವ ತಿರುವು ಗುಂಪಿನೊಳಗೇ ಇದೆ. ಸಿಮ್ಮೆಟ್ರಿಕ್ ಸ್ಪೇಸ್ ಎನ್ನುವುದು ಅದಕ್ಕೇ.

‘ಅದನ್ನು ಗೋಲೀಯ ಫಲನಗಳಿಂದ ಗುಣಿಸಿ ಅನುಕಲಿಸಿದರೆ, ಪ್ರತಿ ಆವೃತ್ತಿಗೂ ಒಂದು ಸಂಖ್ಯೆ ಸಿಗುತ್ತದೆ.’

ಎಲ್ಲ ದಿಕ್ಕುಗಳ ಅಲೆಗಳ ಸರಾಸರಿಯೇ ಗೋಲೀಯ ಫಲನ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರು ಮದಗದ ಕೆರೆಗೆ ಕಲ್ಲೆಸೆದದ್ದನ್ನು ನೆನೆಯಲಿ. ಉಂಗುರ ದೊಡ್ಡದಾದಷ್ಟೂ ಅಲೆ ತಗ್ಗುತ್ತದೆ, ಏಕೆಂದರೆ ಅದೇ ಶಕ್ತಿ ಹೆಚ್ಚು ಸುತ್ತಳತೆಗೆ ಹಂಚಿಹೋಗುತ್ತದೆ. ಸಮತಲದಲ್ಲಿ ತ್ರಿಜ್ಯ 5 ಇರುವ ವೃತ್ತದ ಸುತ್ತಳತೆ ಸುಮಾರು 31.4. ವಕ್ರತೆ ಮೈನಸ್ 1 ಇರುವ ಹೈಪರ್ಬೋಲಿಕ್ ತಲದಲ್ಲಿ ಅದು ಸುಮಾರು 466. ತ್ರಿಜ್ಯ 10 ಆದರೆ 69,000 ದಾಟುತ್ತದೆ. ಸುತ್ತಳತೆ ಘಾತೀಯವಾಗಿ ಬೆಳೆಯುತ್ತದೆ. ಶಕ್ತಿ ಅಲೆಯ ಎತ್ತರದ ವರ್ಗಕ್ಕೆ ಸಂಬಂಧಿಸಿದ್ದರಿಂದ, ಎತ್ತರ ಅದರ ಅರ್ಧ ದರದಲ್ಲಿ ಘಾತೀಯವಾಗಿ ಕುಗ್ಗುತ್ತದೆ. ಲಾಪ್ಲಾಸಿಯನ್‌ನ ರೋಹಿತ ಇಲ್ಲಿ ಸೊನ್ನೆಯ ಬದಲು ಕಾಲರಿಂದ ಶುರುವಾಗುವುದೂ ಇದರಿಂದಲೇ: ಕಾಲು ಎಂದರೆ ಆ ಅರ್ಧದ ವರ್ಗ.

‘ಆ ಸಂಖ್ಯೆಗಳಿಂದ ಮೂಲ ಫಲನವನ್ನು ಮರಳಿ ಕಟ್ಟಬಹುದು, ಪ್ರತಿ ಆವೃತ್ತಿಯ ತೂಕ, ಸಿ-ಫಲನದ ಪರಿಮಾಣದ ವರ್ಗದ ವಿಲೋಮ.’

ನನಗೆ ಅತ್ಯಂತ ಪ್ರಿಯವಾದ ಸಾಲು ಇದು. ನೇರ ಗೆರೆಯ ಮೇಲಿನ ಫೂರಿಯೆ ಸೂತ್ರದಲ್ಲಿ ಎಲ್ಲ ಆವೃತ್ತಿಗಳಿಗೂ ಒಂದೇ ತೂಕ; ಇಲ್ಲಿ ಹಾಗಿಲ್ಲ. ಬಹುದೂರ ಹೋದಾಗ ಗೋಲೀಯ ಫಲನ, ಆ ಕುಗ್ಗುವಿಕೆಯನ್ನು ತೆಗೆದಿಟ್ಟರೆ, ಹೊರಹೋಗುವ ಮತ್ತು ಒಳಬರುವ ಎರಡು ಅಲೆಗಳಾಗಿ ಒಡೆಯುತ್ತದೆ. ಆ ಅಲೆಗಳ ಎತ್ತರವನ್ನು ಹೇಳುವುದೇ ಸಿ-ಫಲನ. ಎತ್ತರದ ವರ್ಗದಿಂದ ಭಾಗಿಸಿದಾಗ ಎಲ್ಲ ಅಲೆಗಳೂ ಒಂದೇ ಅಳತೆಗೆ ಬರುತ್ತವೆ. ತಲದ ಒಳಗೆ ಎಲ್ಲೂ ಅಳೆಯಬೇಕಿಲ್ಲ, ಅನಂತದಲ್ಲಿ ಅಲೆ ಹೇಗಿದೆ ಎಂದು ನೋಡಿದರೆ ಸಾಕು: ಹರೀಶ್‌ಚಂದ್ರರ ದೊಡ್ಡ ಕಾಣ್ಕೆ ಇದು.

ಸ್ಥಿರಾಂಕ ಬಿಟ್ಟರೆ ಆ ತೂಕ, ಆವೃತ್ತಿಯನ್ನು ಅದರ ಪೈಪಟ್ಟಿನ ಹೈಪರ್ಬೋಲಿಕ್ ಟ್ಯಾಂಜೆಂಟ್‌ನಿಂದ ಗುಣಿಸಿದಷ್ಟು. ಆವೃತ್ತಿ ದೊಡ್ಡದಿದ್ದರೆ ತೂಕ ಹೆಚ್ಚುಕಡಿಮೆ ಆವೃತ್ತಿಯಷ್ಟೇ, ಅಂದರೆ ಸಮತಲದಲ್ಲಿ ಇರುವಂತೆಯೇ: ಅತಿ ಸಣ್ಣ ಅಲೆಗೆ ವಕ್ರತೆ ಕಾಣುವುದಿಲ್ಲ. ಆವೃತ್ತಿ ಸೊನ್ನೆಯ ಹತ್ತಿರ ಬಂದಾಗ ತೂಕ ಅದರ ವರ್ಗದಂತೆ ಕರಗುತ್ತದೆ. ಉದ್ದನೆಯ ಅಲೆಗಳಿಗೆ ವಕ್ರತೆ ತಟ್ಟುತ್ತದೆ.

ಈ ತಲದ ಮಟ್ಟಿಗೆ ಸೂತ್ರ ಮೇಲರ್ ಮತ್ತು ಫಾಕ್ ಅವರಿಂದ ಮೊದಲೇ ತಿಳಿದಿತ್ತು. ಎಲ್ಲ ಅರೆಸರಳ ಗುಂಪುಗಳಿಗೂ ಅದೇ ರೂಪ ಸಲ್ಲುತ್ತದೆಂದು ಕಂಡವರು ಹರೀಶ್‌ಚಂದ್ರ. ಅವರ ಪ್ರಬಂಧಗಳನ್ನು 1984ರಲ್ಲಿ ಸಂಪಾದಿಸಿದವರು, 1937ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿ. ಎಸ್. ವರದರಾಜನ್. ದೊಡ್ಡ ಗುಂಪಿನ ಸಿ-ಫಲನ ಎಷ್ಟೇ ಜಟಿಲವಾಗಿದ್ದರೂ ಏಕದರ್ಜೆಯ ತುಣುಕುಗಳ ಗುಣಲಬ್ಧವೇ ಎಂದು 1962ರಲ್ಲಿ ಗಿಂಡಿಕಿನ್ ಮತ್ತು ಕಾರ್ಪೆಲೆವಿಚ್ ತೋರಿಸಿಕೊಟ್ಟರು. ಅಂಥ ತುಣುಕುಗಳಲ್ಲಿ ಅತಿ ಚಿಕ್ಕದು ಮೇಲಿನ ಮೂರು ಸಾಲಿನದು.